ಪ್ರೀಮಿಯಂ ಡೀಸೆಲ್ ಮತ್ತು ಅಡಿಟಿವ್ ಬಾಟಲಿ: ದುಡ್ಡು ಹಾಕುವ ಮೊದಲು ನೋಡಬೇಕಾದದ್ದು

ಡೀಸೆಲ್ ಗಾಡಿ ಇಟ್ಟುಕೊಂಡಿರುವ ಓದುಗರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ. ಬಂಕ್‌ನಲ್ಲಿ ಲೀಟರಿಗೆ ಕೆಲವು ರೂಪಾಯಿ ಹೆಚ್ಚು ಕೊಟ್ಟು ಪ್ರೀಮಿಯಂ ಡೀಸೆಲ್ ಹಾಕಿಸಿದರೆ, ಅಥವಾ ಸರ್ವೀಸಿಗೆ ಬಿಟ್ಟಾಗ ಅಲ್ಲಿಯವರು ಮುಂದಿಡುವ ಅಡಿಟಿವ್ (ಡೀಸೆಲ್‌ಗೆ ಬೆರೆಸುವ ರಾಸಾಯನಿಕ) ಬಾಟಲಿಯನ್ನು ಟ್ಯಾಂಕಿಗೆ ಸುರಿಸಿದರೆ, ಮುಂದೆ ಬರಬಹುದಾದ ಎಂಜಿನ್ ರಿಪೇರಿ ತಪ್ಪುತ್ತದೆಯೇ ಎಂಬುದೇ ಆ ಪ್ರಶ್ನೆ. ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ತುದಿಯಲ್ಲಿ ಮತ್ತು ಒಳಭಾಗಗಳಲ್ಲಿ ಕಟ್ಟುವ ಜಿಡ್ಡುಮಸಿಯ ಮಟ್ಟಿಗೆ ಇವುಗಳಿಂದ ಉಪಯೋಗವಿದೆ. ಡೀಸೆಲ್ ಗಾಡಿಗಳಿಗೆ ದುಬಾರಿ ಬಿಲ್ಲು ತರುವ ಉಳಿದ ಬಹುತೇಕ ದೋಷಗಳಿಗೆ ಮೂಲ ನೀರು, ಕಸ, ಹಳೆಯ ಫಿಲ್ಟರ್, ತಪ್ಪು ಎಂಜಿನ್ ಆಯಿಲ್ ಮತ್ತು ಗಾಡಿ ಓಡಿಸುವ ಕ್ರಮ. ಅಲ್ಲಿ ಈ ಖರ್ಚು ನಿಷ್ಪ್ರಯೋಜಕ. ಆದ್ದರಿಂದ ಖರೀದಿಗೆ ಮೊದಲು ನಿಮ್ಮ ಗಾಡಿಯ ತೊಂದರೆ ಯಾವ ಗುಂಪಿಗೆ ಸೇರಿದ್ದು ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಇಲ್ಲಿನ ಮಾತುಗಳು ಮುಖ್ಯವಾಗಿ ಕಾಮನ್‌ರೈಲ್ ಎಂಜಿನ್ನುಗಳಿಗೆ ಅನ್ವಯಿಸುತ್ತವೆ. ಒಂದೇ ಅಧಿಕ ಒತ್ತಡದ ಕೊಳವೆಯಲ್ಲಿ ಡೀಸೆಲ್ ಸಂಗ್ರಹಿಸಿಟ್ಟು, ಕಂಪ್ಯೂಟರಿನ ಆಜ್ಞೆಯಂತೆ ಪ್ರತಿ ಸಿಲಿಂಡರಿಗೆ ಸಿಂಪಡಿಸುವ ವ್ಯವಸ್ಥೆಗೆ ಕಾಮನ್‌ರೈಲ್ ಎನ್ನುತ್ತಾರೆ. ನಮ್ಮ ರಸ್ತೆಗಳಲ್ಲಿ ಇಂದು ಓಡಾಡುವ ಡೀಸೆಲ್ ಕಾರುಗಳಲ್ಲಿ ಬಹುಪಾಲು ಇದೇ ಬಗೆಯವು.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು ಹೆಚ್ಚೇನಿಲ್ಲ: ಗಾಡಿಯ ಮಾಲೀಕರ ಕೈಪಿಡಿ, ಈವರೆಗಿನ ಸರ್ವೀಸ್ ಬಿಲ್ಲುಗಳು, ಡೀಸೆಲ್ ಹಾಕಿಸಿದ ಲೆಕ್ಕ ಬರೆಯಲು ಒಂದು ಪುಸ್ತಕ, ಬಾಯಿ ಅಗಲವಾದ ಒಂದು ಗಾಜಿನ ಬಾಟಲಿ.

ಹಂತ 1: ಸಾಮಾನ್ಯ ಡೀಸೆಲ್‌ನಲ್ಲಿ ಈಗಾಗಲೇ ಏನಿದೆ ಎಂದು ತಿಳಿಯಿರಿ

2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕ್‌ಗಳಲ್ಲೂ ಮಾರಾಟವಾಗುತ್ತಿರುವುದು ಬಿಎಸ್-6, ಅಂದರೆ ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಂತ್ರಣ ಮಾನದಂಡದ ಡೀಸೆಲ್. ಇದರ ಗುಣಮಟ್ಟಕ್ಕೆ ಐಎಸ್ 1460 ಎಂಬ ಭಾರತೀಯ ಮಾನಕವಿದೆ. ಗಂಧಕದ ಅಂಶ ಒಂದು ಕಿಲೋ ಡೀಸೆಲ್‌ಗೆ 10 ಮಿಲಿಗ್ರಾಂ ಮೀರುವಂತಿಲ್ಲ. ಬಿಎಸ್-4ರಲ್ಲಿ ಈ ಮಿತಿ 50 ಇತ್ತು, ಬಿಎಸ್-3ರಲ್ಲಿ 350. ಸೀಟೇನ್ ಸಂಖ್ಯೆ, ಅಂದರೆ ಸಿಲಿಂಡರಿನೊಳಗೆ ಸಿಂಪಡಣೆಯಾದ ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದರ ಅಳತೆ, ಕನಿಷ್ಠ 51 ಇರಬೇಕು. ನೀರಿನಂಶಕ್ಕೆ ಕಿಲೋಗೆ 200 ಮಿಲಿಗ್ರಾಂ ಮಿತಿಯಿದೆ.

ಗಂಧಕ ತೆಗೆದ ಡೀಸೆಲ್ ‘ಒಣ ಡೀಸೆಲ್’ ಆಗಿರುತ್ತದೆ, ಆದ್ದರಿಂದ ಪಂಪ್ ಸವೆಯುತ್ತದೆ, ಜಾರುಗುಣಕ್ಕಾಗಿ ಬಾಟಲಿ ಬೇಕೇ ಬೇಕು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಇದರಲ್ಲಿ ಅರ್ಧ ಸತ್ಯವಿದೆ. ಗಂಧಕವನ್ನು ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ಗೆ ಸಹಜವಾದ ಜಾರುಗುಣ ಕೊಡುತ್ತಿದ್ದ ಕೆಲವು ಸಂಯುಕ್ತಗಳೂ ಹೊರಟುಹೋಗುತ್ತವೆ ಎಂಬುದು ನಿಜ. ಆದರೆ ಆ ಕೊರತೆಯನ್ನು ತುಂಬುವ ರಾಸಾಯನಿಕವನ್ನು ಡೀಸೆಲ್ ಬಂಕ್ ತಲುಪುವ ಮೊದಲೇ ಸೇರಿಸಲಾಗಿರುತ್ತದೆ. 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಡೀಸೆಲ್‌ನಲ್ಲಿ ಮುಳುಗಿಸಿದ ಉಕ್ಕಿನ ಗುಂಡನ್ನು ಉಕ್ಕಿನ ಬಿಲ್ಲೆಯ ಮೇಲೆ ಉಜ್ಜಿಸಿ, ಅದರಿಂದಾದ ಸವೆತದ ಗುರುತು 460 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್) ಮೀರದಿದ್ದರೆ ಮಾತ್ರ ಆ ಡೀಸೆಲ್ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಕಲಬೆರಕೆಯಾಗದ ಡೀಸೆಲ್ ಸಿಗುವ ಕಡೆ ಜಾರುಗುಣಕ್ಕೆಂದೇ ಪ್ರತ್ಯೇಕ ಬಾಟಲಿ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಯಾವ ಕಂಪನಿಯ ಸಾಮಾನ್ಯ ಡೀಸೆಲ್ ಉತ್ತಮ ಎಂಬ ಚರ್ಚೆಗೂ ಹೆಚ್ಚು ಅರ್ಥವಿಲ್ಲ. ಮಂಗಳೂರಿನ ಎಂಆರ್‌ಪಿಎಲ್ ಶುದ್ಧೀಕರಣಾಗಾರದ ಡೀಸೆಲ್ ಹಾಸನದ ಮೂಲಕ ಹೊಸಕೋಟೆ ಬಳಿಯ ದೇವನಗೊಂದಿಯವರೆಗೆ ಕೊಳವೆಮಾರ್ಗದಲ್ಲಿ ಬರುತ್ತದೆ, ಮತ್ತು ತೈಲ ಕಂಪನಿಗಳು ತಮ್ಮತಮ್ಮಲ್ಲಿ ಸರಕು ಹಂಚಿಕೊಳ್ಳುವುದು ಸಾಮಾನ್ಯ ವ್ಯವಹಾರ. ಹೀಗಾಗಿ ಬೇರೆ ಬೇರೆ ಬಣ್ಣದ ಫಲಕದ ಬಂಕ್‌ಗಳಲ್ಲಿ ಒಂದೇ ಮೂಲದ ಡೀಸೆಲ್ ಇರುವ ಸಂಭವ ಸಾಕಷ್ಟಿದೆ. ವ್ಯತ್ಯಾಸ ಹುಟ್ಟುವುದು ಬಂಕ್‌ನ ನೆಲದಡಿಯ ಟ್ಯಾಂಕ್ ಎಷ್ಟು ಸ್ವಚ್ಛವಾಗಿದೆ ಎಂಬುದರಲ್ಲಿ.

ಹಂತ 2: ಪ್ರೀಮಿಯಂ ಡೀಸೆಲ್‌ನಲ್ಲಿ ಹೆಚ್ಚುವರಿಯಾಗಿ ಏನಿದೆ ಎಂದು ನೋಡಿ

ಇಂಡಿಯನ್ ಆಯಿಲ್‌ನ ಎಕ್ಸ್‌ಟ್ರಾಗ್ರೀನ್, ಶೆಲ್‌ನ ವಿ-ಪವರ್ ಡೀಸೆಲ್ ಮೊದಲಾದವು ಈ ಗುಂಪಿನವು. ಜಿಯೋ-ಬಿಪಿ 2023ರಿಂದ ಅಡಿಟಿವ್ ಬೆರೆಸಿದ ಡೀಸೆಲ್ ಅನ್ನೇ ಹೆಚ್ಚುವರಿ ದರವಿಲ್ಲದೆ ಮಾರುತ್ತಿದೆ. ಇವುಗಳಲ್ಲಿ ಮುಖ್ಯವಾಗಿರುವುದು ಡಿಟರ್ಜೆಂಟ್, ಅಂದರೆ ಲೋಹದ ಮೇಲ್ಮೈಗೆ ಅಂಟಿಕೊಂಡು ಅಲ್ಲಿ ಜಿಡ್ಡುಮಸಿ ಕೂರದಂತೆ ತಡೆಯುವ, ಕೂತದ್ದನ್ನು ನಿಧಾನವಾಗಿ ಬಿಡಿಸುವ ರಾಸಾಯನಿಕ. ಅದರ ಜೊತೆಗೆ ತುಕ್ಕುನಿರೋಧಕ, ಟ್ಯಾಂಕ್ ತುಂಬುವಾಗ ನೊರೆ ಏಳದಂತೆ ತಡೆಯುವ ಅಂಶ, ಕೆಲವೊಮ್ಮೆ ಸೀಟೇನ್ ಹೆಚ್ಚಿಸುವ ಅಂಶ ಇವೆಲ್ಲ ಇರುತ್ತವೆ.

ಪೆಟ್ರೋಲ್‌ನ ಅನುಭವವನ್ನು ಇಲ್ಲಿಗೆ ತರಬೇಡಿ. 95 ಅಥವಾ 100 ಆಕ್ಟೇನ್‌ನ ಪೆಟ್ರೋಲ್ ಬೇಡುವ ಎಂಜಿನ್ನುಗಳು ನಿಜವಾಗಿಯೂ ಇವೆ. ಅವುಗಳಿಗೆ ಅದನ್ನೇ ಹಾಕಿದರೆ ಶಕ್ತಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಡೀಸೆಲ್‌ನಲ್ಲಿ ಹಾಗಲ್ಲ. 51 ಸೀಟೇನ್‌ಗೆ ಹೊಂದಿಸಿದ ಎಂಜಿನ್ನಿಗೆ ಅದಕ್ಕಿಂತ ಕೆಲವು ಅಂಕ ಹೆಚ್ಚಿನ ಡೀಸೆಲ್ ಹಾಕಿದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಕಟಕಟ ಸದ್ದು ತುಸು ಕಡಿಮೆಯಾಗಬಹುದು, ಪಿಕಪ್ ದಿಢೀರನೆ ಹೆಚ್ಚುವುದಿಲ್ಲ. ಟ್ಯಾಂಕ್ ತುಂಬಿಸಿಕೊಂಡು ಬಂಕ್‌ನಿಂದ ಹೊರಗೆ ಬರುತ್ತಿದ್ದಂತೆಯೇ ಗಾಡಿ ಹಾರಿದಂತಾಯಿತು ಎನ್ನುವವರ ಮಾತನ್ನು ಅಷ್ಟಕ್ಕೇ ಬಿಡುವುದು ಒಳ್ಳೆಯದು.

ಡಿಟರ್ಜೆಂಟಿನ ಉಪಯೋಗ ಮಾತ್ರ ಕಲ್ಪನೆಯಲ್ಲ. ಕಾಮನ್‌ರೈಲ್‌ನಲ್ಲಿ ಡೀಸೆಲ್‌ನ ಒತ್ತಡ 1,600ರಿಂದ 2,000 ಬಾರ್, ಹೊಸ ಎಂಜಿನ್ನುಗಳಲ್ಲಿ ಅದಕ್ಕೂ ಹೆಚ್ಚು. ಸಿಂಪಡಿಸುವ ರಂಧ್ರಗಳ ವ್ಯಾಸ ಸುಮಾರು 0.1 ಮಿಲಿಮೀಟರ್, ಒಳಗೆ ಚಲಿಸುವ ಸೂಜಿಯ ಸುತ್ತ ಇರುವ ಎಡೆ ಕೆಲವೇ ಮೈಕ್ರಾನ್; ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಎಂದರೆ ಈ ಕುಸುರಿಯ ಅಂದಾಜು ಸಿಗುತ್ತದೆ. ರಂಧ್ರದ ಅಂಚಿನಲ್ಲಿ ತೆಳುವಾದ ಪದರ ಕಟ್ಟಿದರೂ ಸಿಂಪಡಣೆಯ ಆಕಾರ ಕೆಡುತ್ತದೆ, ಹೊಗೆ ಹೆಚ್ಚುತ್ತದೆ, ಶಕ್ತಿ ಕುಗ್ಗುತ್ತದೆ. ಡೀಸೆಲ್‌ಗೆ 1 ಪಿಪಿಎಂನಷ್ಟು, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ಸತುವನ್ನು ಬೆರೆಸಿ ಬೇಕೆಂದೇ ಇಂಜೆಕ್ಟರಿನಲ್ಲಿ ಜಿಡ್ಡುಮಸಿ ಕಟ್ಟಿಸುವ, ಬಳಿಕ ಡಿಟರ್ಜೆಂಟ್ ಅದನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಮಾನಕ ಪರೀಕ್ಷೆ ಯುರೋಪಿನಲ್ಲಿದೆ. ಒಳ್ಳೆಯ ಅಡಿಟಿವ್ ತಯಾರಕರು ತಮ್ಮ ಸರಕನ್ನು ಅದರಲ್ಲಿ ತೋರಿಸಿಯೇ ಮಾರುತ್ತಾರೆ. ಸತು ಲೇಪಿಸಿದ ತಗಡಿನ ಡಬ್ಬಗಳಲ್ಲಿ, ಡ್ರಮ್ಮುಗಳಲ್ಲಿ ಡೀಸೆಲ್ ಸಂಗ್ರಹಿಸಿಡಬೇಡಿ ಎಂಬ ಸಲಹೆಗೂ ಇದೇ ಕಾರಣ.

ಹಂತ 3: ನಿಮ್ಮ ತೊಂದರೆ ಇಂಧನದ್ದೇ ಎಂದು ಖಚಿತಪಡಿಸಿಕೊಳ್ಳಿ

ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಈ ಹಂತವನ್ನು ಬಿಟ್ಟು ಮುಂದೆ ಹೋಗುವುದರಿಂದ. ಎಂಜಿನ್ ಲೈಟ್ ಉರಿದರೆ ಮೊದಲು ಸ್ಕ್ಯಾನರ್ ಹಾಕಿಸಿ ದೋಷದ ಕೋಡ್ ಬರೆದುಕೊಳ್ಳಿ. ಕೋಡ್ ಅಳಿಸಿ ಬಾಟಲಿ ಸುರಿಯುವುದು ರೋಗಪರೀಕ್ಷೆಯಲ್ಲ.

ಇಜಿಆರ್ ವಾಲ್ವ್ ಕಟ್ಟಿಕೊಳ್ಳುವುದು ಬಹಳ ಸಾಮಾನ್ಯ. ಸುಟ್ಟ ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿನ ಒಳಗೆ ಬಿಡುವ ಕವಾಟ ಇದು. ಇಲ್ಲಿ ಮಸಿ ಸೇರುವುದು ಹೊಗೆಯ ದಾರಿಯಲ್ಲಿ, ಡೀಸೆಲ್ ದ್ರವವಾಗಿ ಈ ಜಾಗವನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಟ್ಯಾಂಕಿಗೆ ಏನು ಸುರಿದರೂ ಕಟ್ಟಿದ ಇಜಿಆರ್ ತೊಳೆದುಹೋಗುವುದಿಲ್ಲ. ಬಿಚ್ಚಿ ಸ್ವಚ್ಛಗೊಳಿಸಬೇಕು. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೋ ಕೆಡುವುದು ಹೆಚ್ಚಾಗಿ ಎಂಜಿನ್ ಆಯಿಲ್‌ನ ಕೊರತೆ ಅಥವಾ ಕೊಳೆಯಿಂದ. ಅದಕ್ಕೂ ಡೀಸೆಲ್‌ನ ದರ್ಜೆಗೂ ಸಂಬಂಧವಿಲ್ಲ.

ಡಿಪಿಎಫ್ ವಿಷಯ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಬಿಎಸ್-6 ಡೀಸೆಲ್ ಕಾರು ಕೊಂಡವರ ದೂರುಗಳಲ್ಲಿ ಬಹುಪಾಲು ಇದರದ್ದೇ. ಹೊಗೆಯಲ್ಲಿರುವ ಮಸಿಯ ಕಣಗಳನ್ನು ಹಿಡಿದಿಟ್ಟುಕೊಂಡು, ಆಗಾಗ ಸುಮಾರು 600 ಡಿಗ್ರಿಯಲ್ಲಿ ಸುಟ್ಟುಹಾಕುವ ಜೇನುಗೂಡಿನಂಥ ಶೋಧಕವೇ ಡಿಪಿಎಫ್. ಈ ಸುಡುವಿಕೆಗೆ ರೀಜನರೇಷನ್ ಎನ್ನುತ್ತಾರೆ. ಗಾಡಿ ಒಂದೇ ಹದವಾದ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಿದರೆ ಅದು ಪೂರ್ತಿಯಾಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡಿನಿಂದ ಮಾರತಹಳ್ಳಿಯವರೆಗೆ ನಿತ್ಯ ತೆವಳುವ ಕಾರಿಗೆ ಆ ಅವಕಾಶ ಸಿಗುವುದಿಲ್ಲ. ರೀಜನರೇಷನ್ ಅರ್ಧಕ್ಕೆ ನಿಲ್ಲುತ್ತದೆ, ಶೋಧಕವನ್ನು ಬಿಸಿಮಾಡಲೆಂದು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಇದೇ ಆಗುತ್ತಿದೆ ಎಂದು ಸಂಶಯಪಡಿ ಮತ್ತು ಆಯಿಲ್ ಬದಲಾಯಿಸಿ. ಇದಕ್ಕೆ ಮದ್ದು ವಾರಕ್ಕೊಮ್ಮೆ ತುಮಕೂರು ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಒಂದಿಷ್ಟು ದೂರ ಬಿಡದೆ ಓಡಿಸುವುದು, ಮತ್ತು ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲ್ ಅನ್ನೇ ಹಾಕಿಸುವುದು. ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನಿಂದ ಬರುವ ಬೂದಿ ಸುಡುವುದಿಲ್ಲ.

ಹಾಗಾದರೆ ಇಂಧನಕ್ಕೆ ಸಂಬಂಧಿಸಿದ ಲಕ್ಷಣಗಳು ಯಾವುವು? ನಿಂತಲ್ಲೇ ಎಂಜಿನ್ ಒಂದೇ ಸಮ ಓಡದೆ ಅದುರುವುದು, ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದು, ಏರಿನಲ್ಲಿ ಶಕ್ತಿ ಸಾಲದಿರುವುದರ ಜೊತೆಗೆ ಕಪ್ಪು ಹೊಗೆ, ಯಾವುದೇ ಬೇರೆ ಕಾರಣವಿಲ್ಲದೆ ನಿಧಾನವಾಗಿ ಇಳಿದ ಮೈಲೇಜ್. ಇವುಗಳಲ್ಲಿ ಕೆಲವು ಗಾಳಿಯ ಫಿಲ್ಟರ್ ಕಟ್ಟಿದಾಗಲೂ, ಟರ್ಬೋದ ರಬ್ಬರ್ ಕೊಳವೆ ಸೀಳಿದಾಗಲೂ ಕಾಣಿಸುತ್ತವೆ. ಅವನ್ನು ಮೊದಲು ನೋಡಿಸಿ, ಅದಕ್ಕೆ ಹೆಚ್ಚು ಖರ್ಚಿಲ್ಲ.

ಹಂತ 4: ನೀರು ಮತ್ತು ಫಿಲ್ಟರ್

ಇಂಜೆಕ್ಟರ್ ಮತ್ತು ಅಧಿಕ ಒತ್ತಡದ ಪಂಪಿಗೆ ಮೊದಲ ಶತ್ರು ನೀರು. ಪಂಪಿನ ಒಳಗಿನ ಭಾಗಗಳಿಗೆ ಡೀಸೆಲೇ ಲೂಬ್ರಿಕೆಂಟ್ ಆದ್ದರಿಂದ, ಆ ಜಾಗಕ್ಕೆ ನೀರು ಬಂದರೆ ಲೋಹ ಲೋಹಕ್ಕೆ ಉಜ್ಜಿ ಪುಡಿ ಏಳುತ್ತದೆ, ಆ ಪುಡಿ ಕಾಮನ್‌ರೈಲ್ ಕೊಳವೆ, ಇಂಜೆಕ್ಟರ್, ಟ್ಯಾಂಕ್ ಎಲ್ಲೆಡೆ ಹರಡುತ್ತದೆ. ಹಾಗಾದಾಗ ಇಡೀ ಇಂಧನ ವ್ಯವಸ್ಥೆಯನ್ನೇ ಬದಲಿಸಬೇಕಾಗಬಹುದು. ಯಾವ ಪ್ರೀಮಿಯಂ ಡೀಸೆಲ್ ಕೂಡ ಇದರಿಂದ ಕಾಪಾಡುವುದಿಲ್ಲ. ಕಾಪಾಡುವುದು ಫಿಲ್ಟರ್ ಮತ್ತು ಅದರ ತಳದಲ್ಲಿರುವ ನೀರು ಬೇರ್ಪಡಿಸುವ ಬಟ್ಟಲು.

ಆ ಬಟ್ಟಲಿನ ತಳದ ತಿರುಪನ್ನು ಸಡಿಲಿಸಿ ನೀರು ಬಸಿಯುವ ಕ್ರಮ ಹಲವು ಗಾಡಿಗಳ ಕೈಪಿಡಿಯಲ್ಲೇ ಇರುತ್ತದೆ. ಬಿಸಿ ಎಂಜಿನ್ನಿನ ಮೇಲೆ ಈ ಕೆಲಸ ಮಾಡಬೇಡಿ, ಮತ್ತು ಅಧಿಕ ಒತ್ತಡದ ಕೊಳವೆಯ ನಟ್ಟುಗಳಿಗೆ ಯಾವ ಕಾರಣಕ್ಕೂ ಕೈಹಚ್ಚಬೇಡಿ, ಏಕೆಂದರೆ ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗುತ್ತದೆ. ಧೈರ್ಯವಿಲ್ಲದಿದ್ದರೆ ಮೆಕ್ಯಾನಿಕ್ಕಿಗೆ ಹೇಳಿ, ಆದರೆ ಬಸಿದದ್ದನ್ನು ನಿಮ್ಮ ಗಾಜಿನ ಬಾಟಲಿಗೇ ಹಿಡಿಸಿ. ಅರ್ಧ ಗಂಟೆ ಅಲುಗಿಸದೆ ಇಟ್ಟು ಬೆಳಕಿಗೆ ಎತ್ತಿ ಹಿಡಿಯಿರಿ. ಒಳ್ಳೆಯ ಡೀಸೆಲ್ ತಿಳಿ ಹಳದಿಯಾಗಿ, ಬಾಟಲಿಯ ಆಚೆಗಿರುವ ಅಕ್ಷರ ಓದುವಷ್ಟು ಸ್ಪಷ್ಟವಾಗಿರುತ್ತದೆ. ನೀರಿದ್ದರೆ ತಳದಲ್ಲಿ ಬಣ್ಣವಿಲ್ಲದ ಪದರ ನಿಂತು, ಎರಡರ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಬಾಟಲಿ ಓರೆಮಾಡಿದರೆ ಆ ಪದರ ಗುಳ್ಳೆಗುಳ್ಳೆಯಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತದೆ. ಗೆರೆಯ ಮೇಲೆ ಕಂದು ಅಥವಾ ಕಪ್ಪು ಲೋಳೆಯಂಥ ಚೂರುಗಳು ತೇಲುತ್ತಿದ್ದರೆ ಅದು ನೀರು ಮತ್ತು ಡೀಸೆಲ್ ಕೂಡುವಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಪಾಚಿ. ತಳದಲ್ಲಿ ಹೊಳೆಯುವ ಲೋಹದ ಪುಡಿ ಕಂಡರೆ ಗಾಡಿ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ.

ಫಿಲ್ಟರಿನ ವಿಷಯದಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಮೂರು. ಬದಲಾಯಿಸುವ ಕಿಲೋಮೀಟರ್ ಆಗಿಲ್ಲವೆಂದು ವರ್ಷಗಟ್ಟಲೆ ಅದನ್ನೇ ಇಟ್ಟುಕೊಳ್ಳುವುದು ಮೊದಲನೆಯದು. ಕೈಪಿಡಿಯಲ್ಲಿ ಕಿಲೋಮೀಟರಿನ ಜೊತೆ ತಿಂಗಳ ಲೆಕ್ಕವೂ ಇರುತ್ತದೆ, ಯಾವುದು ಮೊದಲೋ ಅದನ್ನು ಪಾಲಿಸಬೇಕು. ಕಡಿಮೆ ಬೆಲೆಯ ನಕಲಿ ಫಿಲ್ಟರ್ ಹಾಕಿಸುವುದು ಇನ್ನೊಂದು. ಅದು ಹೊರನೋಟಕ್ಕೆ ಒಂದೇ ರೀತಿಯಿದ್ದರೂ ಕೆಲವೇ ಮೈಕ್ರಾನಿನ ಕಣಗಳನ್ನು ತಡೆಯುವ ಕಾಗದ ಅದರೊಳಗಿರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನಲ್ಲಿ ನೀರು ತುಂಬಿದೆ ಎಂಬ ಹಳದಿ ದೀಪ ಉರಿದರೂ ಮುಂದಿನ ಸರ್ವೀಸ್ ತನಕ ಓಡಿಸುವುದು ಮೂರನೆಯದು ಮತ್ತು ಎಲ್ಲಕ್ಕಿಂತ ದುಬಾರಿಯದು.

ಹಂತ 5: ಬಂಕ್ ಆರಿಸಿಕೊಳ್ಳಿ

ಹೆಚ್ಚು ಲಾರಿ, ಬಸ್ಸುಗಳು ಬಂದುಹೋಗುವ, ಸರಕು ಬೇಗ ಖಾಲಿಯಾಗುವ ಬಂಕ್ ಒಳ್ಳೆಯದು. ಪ್ರೀಮಿಯಂ ಡೀಸೆಲ್‌ನ ವಿಷಯದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಸಣ್ಣ ಊರಿನಲ್ಲಿ ಅದನ್ನು ಕೇಳುವವರು ಕಡಿಮೆಯಾಗಿ, ಟ್ಯಾಂಕಿನಲ್ಲಿ ವಾರಗಟ್ಟಲೆ ನಿಂತ ಪ್ರೀಮಿಯಂಗಿಂತ ನಿನ್ನೆ ಬಂದ ಸಾಮಾನ್ಯ ಡೀಸೆಲ್ ಮೇಲಾಗಿರಬಹುದು. ಟ್ಯಾಂಕರ್ ಇಳಿಸುತ್ತಿರುವಾಗ ತುಂಬಿಸಿಕೊಳ್ಳಬೇಡಿ, ತಳದ ಕಸ ಕಲಕಿ ಮೇಲೆ ಬಂದಿರುತ್ತದೆ. ಜೋರು ಮಳೆಯಲ್ಲಿ ಅಂಗಳದಲ್ಲೆಲ್ಲ ನೀರು ನಿಂತ ಬಂಕ್‌ನಿಂದ ದೂರವಿರಿ.

ಪ್ರತಿ ಬಂಕ್‌ನಲ್ಲೂ ದಿನದ ಸಾಂದ್ರತೆಯ ದಾಖಲೆ ಇರಬೇಕು, ಗ್ರಾಹಕರು ಕೇಳಿದರೆ ತೋರಿಸಬೇಕು. 15 ಡಿಗ್ರಿಗೆ ಪರಿವರ್ತಿಸಿದ ಸಾಂದ್ರತೆ ಟ್ಯಾಂಕರಿನ ಚಲನ್‌ನಲ್ಲಿ ಇರುವುದಕ್ಕಿಂತ ಘನಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ಏರುಪೇರಾಗಬಾರದು. ಸೀಮೆಎಣ್ಣೆ ಬೆರೆತರೆ ಸಾಂದ್ರತೆ ಇಳಿಯುತ್ತದೆ, ಜೊತೆಗೆ ಹಂತ 1ರಲ್ಲಿ ಹೇಳಿದ ಜಾರುಗುಣವೂ ಹಾಳಾಗುತ್ತದೆ. ಹೆದ್ದಾರಿಯ ಪಕ್ಕದ ಶೆಡ್ಡುಗಳಲ್ಲಿ ‘ಬಯೋಡೀಸೆಲ್’ ಹೆಸರಿನಲ್ಲಿ ಅಗ್ಗಕ್ಕೆ ಸಿಗುವ ದ್ರವವನ್ನು ಕಾಮನ್‌ರೈಲ್ ಗಾಡಿಗೆ ಹಾಕಿಸಲೇಬೇಡಿ.

ಹಂತ 6: ಪ್ರೀಮಿಯಂ ಡೀಸೆಲ್‌ನ ಲೆಕ್ಕ ಹಾಕಿ, ಬಳಿಕ ಪರೀಕ್ಷಿಸಿ

ಸಾಮಾನ್ಯ ಡೀಸೆಲ್ ಲೀಟರಿಗೆ 90 ರೂಪಾಯಿ, ಪ್ರೀಮಿಯಂ 96 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮ ಊರಿನ ದರ ಹಾಕಿ ಇದೇ ರೀತಿ ಲೆಕ್ಕ ಮಾಡಬಹುದು. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ಪ್ರೀಮಿಯಂನಲ್ಲಿ 16 ಕೊಟ್ಟರೆ ಮಾತ್ರ ಅಸಲು ಹುಟ್ಟುತ್ತದೆ. ಅಂದರೆ ಮೈಲೇಜ್ ಶೇ 6.7ರಷ್ಟು ಹೆಚ್ಚಬೇಕು. ಸುಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿ ಅಷ್ಟು ಏರಿಕೆಯನ್ನು ನಾನು ನಿರೀಕ್ಷಿಸುವುದಿಲ್ಲ. ವರ್ಷಕ್ಕೆ 15,000 ಕಿಲೋಮೀಟರ್ ಓಡುವವರಿಗೆ 1,000 ಲೀಟರ್ ಡೀಸೆಲ್, 6,000 ರೂಪಾಯಿ ಹೆಚ್ಚುವರಿ ಖರ್ಚು. ಇದನ್ನು ಮೈಲೇಜಿನಿಂದ ಮರಳಿ ಬರುವ ಹಣವೆಂದು ಎಣಿಸದೆ, ಇಂಜೆಕ್ಟರಿನ ಸ್ವಚ್ಛತೆಗೆ ಕಟ್ಟುವ ಕಂತು ಎಂದು ನೋಡಿ, ಆ ಕಂತು ನಿಮಗೆ ಒಪ್ಪಿಗೆಯೇ ಎಂದು ನಿರ್ಧರಿಸಿ. ಇದೇ 6,000 ರೂಪಾಯಿಯಲ್ಲಿ ಅಸಲಿ ಡೀಸೆಲ್ ಫಿಲ್ಟರನ್ನು ಹೊತ್ತಿಗೆ ಮೊದಲೇ ಬದಲಾಯಿಸಿ, ಆಯಿಲ್ ಬದಲಾವಣೆಯ ಅವಧಿಯನ್ನೂ ಕಡಿಮೆ ಮಾಡಿಕೊಳ್ಳಬಹುದು. ನನ್ನನ್ನು ಕೇಳಿದರೆ ಹಣ ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಅದೆಲ್ಲ ಆದ ಮೇಲೂ ಪ್ರೀಮಿಯಂ ಹಾಕಿಸಲು ಅರ್ಹವಾದ ಸಂದರ್ಭಗಳಿವೆ. ನಗರದಲ್ಲೇ ನಿಂತು ನಿಂತು ಓಡುವ ಕಾಮನ್‌ರೈಲ್ ಕಾರು, ಒಂದು ಲಕ್ಷ ಕಿಲೋಮೀಟರ್ ದಾಟಿಯೂ ಇಂಜೆಕ್ಟರ್ ಮುಟ್ಟದ ಗಾಡಿ, ಹಿಂದಿನ ಮಾಲೀಕರು ಎಲ್ಲಿ ಡೀಸೆಲ್ ಹಾಕಿಸುತ್ತಿದ್ದರೆಂದು ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಕಾರು, ಇಂಥವಕ್ಕೆ ಸತತವಾಗಿ ನಾಲ್ಕೈದು ಟ್ಯಾಂಕ್ ಹಾಕಿಸಿ ನೋಡುವುದು ಸರಿಯಾದ ಕ್ರಮ. ತಿಂಗಳಿಗೊಮ್ಮೆ 500 ರೂಪಾಯಿಯ ಪ್ರೀಮಿಯಂ ಹಾಕಿಸಿ ಉಳಿದಂತೆ ಸಾಮಾನ್ಯ ಡೀಸೆಲ್ ತುಂಬಿಸಿದರೆ ಡಿಟರ್ಜೆಂಟ್ ತೆಳುವಾಗಿ ಕೆಲಸಕ್ಕೆ ಬಾರದಂತಾಗುತ್ತದೆ.

ಮೈಲೇಜ್ ಅಳೆಯುವಾಗ ಒಂದೇ ಬಂಕ್, ಒಂದೇ ಪಂಪ್, ಗನ್ ತಾನಾಗಿ ನಿಂತ ಮೇಲೆ ಮತ್ತೆ ಒತ್ತಿ ತುಂಬಿಸದಿರುವುದು, ಈ ನಿಯಮ ಪಾಲಿಸಿ. ಗನ್ ನಿಲ್ಲುವ ಮಟ್ಟದಲ್ಲೇ ಒಂದು ಲೀಟರಿನಷ್ಟು ಹೆಚ್ಚುಕಡಿಮೆಯಾಗುತ್ತದೆ. 40 ಲೀಟರಿನಲ್ಲಿ ಒಂದು ಲೀಟರೆಂದರೆ ಶೇ 2.5. ಹುಡುಕುತ್ತಿರುವ ವ್ಯತ್ಯಾಸವೇ ಅಷ್ಟಿರುವಾಗ ಒಂದು ಟ್ಯಾಂಕಿನ ಫಲಿತಾಂಶದಿಂದ ತೀರ್ಮಾನಕ್ಕೆ ಬರುವುದು ಅಸಾಧ್ಯ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ಈ ಕೆಲಸಕ್ಕೆ ಬಳಸಬೇಡಿ.

ಹಂತ 7: ಬಾಟಲಿಯೇ ಬೇಕೆಂದಾದರೆ

ಮೊದಲು ಕೈಪಿಡಿ ತೆರೆದು ಇಂಧನದ ಅಧ್ಯಾಯ ಓದಿ. ಬಹಳಷ್ಟು ತಯಾರಕರು ತಾವು ಸೂಚಿಸದ ಅಡಿಟಿವ್ ಬಳಸಬೇಡಿ ಎಂದೇ ಬರೆದಿರುತ್ತಾರೆ, ವಾರಂಟಿ ಅವಧಿಯಲ್ಲಿ ಆ ಸಾಲಿಗೆ ತೂಕವಿದೆ. ಸರ್ವೀಸ್ ಸೆಂಟರಿನವರೇ ಹಾಕಿದ್ದಾದರೆ ಅದರ ಹೆಸರು ಬಿಲ್ಲಿನಲ್ಲಿ ನಮೂದಾಗುವಂತೆ ನೋಡಿಕೊಳ್ಳಿ.

ಲಿಕ್ವಿ ಮೋಲಿ, ವುರ್ತ್, ಎಸ್‌ಟಿಪಿ ಮೊದಲಾದ ಹೆಸರಿನಲ್ಲಿ ನಮ್ಮಲ್ಲಿ ಬಾಟಲಿಗಳು ಸಿಗುತ್ತವೆ. ಬ್ರ್ಯಾಂಡಿಗಿಂತ ಲೇಬಲ್ಲಿನ ಮಾತು ಮುಖ್ಯ. ಡೀಸೆಲ್‌ಗೆ ಎಂದು ಬರೆದಿರಬೇಕು, ಕಾಮನ್‌ರೈಲ್ ಮತ್ತು ಡಿಪಿಎಫ್ ಇರುವ ಎಂಜಿನ್ನಿಗೆ ಸುರಕ್ಷಿತ ಎಂದಿರಬೇಕು, ಎಷ್ಟು ಲೀಟರಿಗೆ ಎಷ್ಟು ಮಿಲಿಲೀಟರ್ ಎಂಬ ಪ್ರಮಾಣ ಸ್ಪಷ್ಟವಾಗಿರಬೇಕು. ಶೇ 20 ಎಥನಾಲ್ ಬೆರೆತ ಇ-20 ಪೆಟ್ರೋಲ್ ಬಂದ ಮೇಲೆ ಎಥನಾಲ್‌ನಿಂದ ಎಂಜಿನ್ ಕಾಪಾಡುವ ಬಾಟಲಿಗಳೂ ಅದೇ ಕಪಾಟಿನಲ್ಲಿ ಕೂತಿವೆ, ಅವು ಪೆಟ್ರೋಲ್ ಗಾಡಿಯವರಿಗೆ ಸಂಬಂಧಿಸಿದವು, ಡೀಸೆಲ್ ಟ್ಯಾಂಕಿಗೆ ಸುರಿಯಬಾರದು.

ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಅಳತೆ ಮಾಡಿದ ಅಡಿಟಿವ್ ಸುರಿದು, ಮೇಲಿನಿಂದ ಡೀಸೆಲ್ ತುಂಬಿಸಿ. ರಭಸಕ್ಕೆ ಚೆನ್ನಾಗಿ ಬೆರೆಯುತ್ತದೆ. ಆ ಟ್ಯಾಂಕಿನ ಡೀಸೆಲ್ ಅನ್ನು ಸಾಧ್ಯವಾದರೆ ಒಂದು ದೂರದ ಪ್ರಯಾಣದಲ್ಲಿ ಖಾಲಿಮಾಡಿ. ಹಳೆಯ ಗಾಡಿಯಾಗಿದ್ದರೆ ಹೊಸ ಫಿಲ್ಟರೊಂದನ್ನು ಕೊಂಡಿಟ್ಟುಕೊಂಡಿರಿ. ಡಿಟರ್ಜೆಂಟ್ ಟ್ಯಾಂಕಿನ ತಳದ ಜಿಡ್ಡನ್ನು ಬಿಡಿಸಿದಾಗ ಅದು ಬಂದು ಸೇರುವುದು ಫಿಲ್ಟರಿಗೇ, ಮತ್ತು ಆಗ ಗಾಡಿ ಏರಿನಲ್ಲಿ ಎಳೆಯದೆ ನಿಂತರೆ ಅಡಿಟಿವ್ ಎಂಜಿನ್ ಹಾಳುಮಾಡಿತು ಎಂದು ಗಾಬರಿಯಾಗುವ ಅಗತ್ಯವಿಲ್ಲ.

ಎಚ್ಚರಿಕೆಗಳು ಹಲವಿವೆ. ಎರಡು ಪಟ್ಟು ಸುರಿದರೆ ಎರಡು ಪಟ್ಟು ಗುಣ ಬರುವುದಿಲ್ಲ, ಅತಿಯಾದ ಅಡಿಟಿವ್ ತಾನೇ ಜಿಡ್ಡಾಗಬಹುದು. ಎರಡು ಕಂಪನಿಯ ಬಾಟಲಿಗಳನ್ನು ಒಂದೇ ಟ್ಯಾಂಕಿನಲ್ಲಿ ಬೆರೆಸಬೇಡಿ. ಟೂ-ಸ್ಟ್ರೋಕ್ ಆಯಿಲ್, ಸೀಮೆಎಣ್ಣೆ, ಥಿನ್ನರ್ ಮುಂತಾದ ಗ್ಯಾರೇಜು ಮದ್ದುಗಳು ಹಳೆಯ ಯಾಂತ್ರಿಕ ಪಂಪಿನ ಕಾಲದವು. ಡಿಪಿಎಫ್ ಇರುವ ಗಾಡಿಯಲ್ಲಿ ಟೂ-ಸ್ಟ್ರೋಕ್ ಆಯಿಲ್ ಬೂದಿಯನ್ನು ಹೆಚ್ಚಿಸುತ್ತದೆ. ನೀರು ತೆಗೆಯುವ ಅಡಿಟಿವ್ ಎಂದು ಮಾರುವುದರಲ್ಲಿ ಎರಡು ಬಗೆಯಿದೆ: ಒಂದು ನೀರನ್ನು ಬೇರ್ಪಡಿಸಿ ಬಟ್ಟಲಿಗೆ ಇಳಿಸುತ್ತದೆ, ಇನ್ನೊಂದು ನೀರನ್ನು ಡೀಸೆಲ್‌ನಲ್ಲೇ ಹಾಲಿನಂತೆ ಕದಡಿ ಇಂಜೆಕ್ಟರ್ ತನಕ ಕೊಂಡೊಯ್ಯುತ್ತದೆ, ಕಾಮನ್‌ರೈಲ್‌ಗೆ ಈ ಎರಡನೆಯದು ಅಪಾಯಕಾರಿ. ಡಿಪಿಎಫ್ ಕ್ಲೀನರ್‌ಗಳಲ್ಲಿ ಕೆಲವು ಕಬ್ಬಿಣ ಅಥವಾ ಸೀರಿಯಂನ ಅಂಶದಿಂದ ಮಸಿ ಸುಡುವ ಉಷ್ಣತೆಯನ್ನು ಇಳಿಸುತ್ತವೆ, ತುರ್ತಿಗೆ ಒಮ್ಮೆ ಬಳಸಬಹುದು, ಆದರೆ ಆ ಲೋಹ ಕೊನೆಗೆ ಬೂದಿಯಾಗಿ ಶೋಧಕದಲ್ಲೇ ಉಳಿಯುವುದರಿಂದ ಅಭ್ಯಾಸ ಮಾಡಿಕೊಳ್ಳಬಾರದು. ಶೇ 32.5 ಯೂರಿಯಾ ಇರುವ ಆಡ್‌ಬ್ಲೂ ದ್ರವ ಇಂಧನದ ಅಡಿಟಿವ್ ಅಲ್ಲ, ಅದಕ್ಕೆ ಪ್ರತ್ಯೇಕ ಟ್ಯಾಂಕ್ ಇದೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ, ಅಥವಾ ಪೆಟ್ರೋಲ್ ಬಿದ್ದರೆ, ಕೀಲಿಯನ್ನೂ ತಿರುಗಿಸದೆ ಟ್ಯಾಂಕ್ ಬಸಿಯಿಸಿ, ಏಕೆಂದರೆ ಕೀಲಿ ತಿರುಗಿಸಿದೊಡನೆ ಟ್ಯಾಂಕಿನೊಳಗಿನ ಪಂಪ್ ಕೆಲಸ ಆರಂಭಿಸುವ ಗಾಡಿಗಳಿವೆ.

ಡೀಸೆಲ್ ಹೆಪ್ಪುಗಟ್ಟದಂತೆ ತಡೆಯುವ ಅಡಿಟಿವ್ ಕರ್ನಾಟಕದಲ್ಲಿ ಅನಗತ್ಯ, ಮಡಿಕೇರಿಯ ಚಳಿಗೂ ಬೇಕಿಲ್ಲ. ಚಳಿಗಾಲದಲ್ಲಿ ಲಡಾಖ್‌ಗೆ ಹೊರಟವರು ಅಲ್ಲಿಯೇ ಸಿಗುವ ವಿಂಟರ್ ಗ್ರೇಡ್ ಡೀಸೆಲ್ ಹಾಕಿಸಿಕೊಳ್ಳಿ. ಇಂಡಿಯನ್ ಆಯಿಲ್ 2019ರಲ್ಲಿ ಬಿಡುಗಡೆ ಮಾಡಿದ ಈ ಡೀಸೆಲ್ ಮೈನಸ್ 33 ಡಿಗ್ರಿಯವರೆಗೆ ಹರಿಯುವ ಗುಣ ಕಳೆದುಕೊಳ್ಳುವುದಿಲ್ಲ.

ಹಂತ 8: ನಿಂತೇ ಇರುವ ಗಾಡಿ, ಜನರೇಟರ್

ಅಡಿಟಿವ್ ನಿಜವಾಗಿ ಬೇಕಾಗುವ, ಆದರೆ ಯಾರೂ ಕೇಳದ ಜಾಗ ಇದು. ಮಲೆನಾಡಿನ, ಕೊಡಗಿನ ತೋಟದ ಮನೆಗಳಲ್ಲಿ ಜನರೇಟರಿನ ಟ್ಯಾಂಕ್‌ನಲ್ಲಿ ಡೀಸೆಲ್ ತಿಂಗಳುಗಟ್ಟಲೆ ನಿಂತಿರುತ್ತದೆ. ಅರ್ಧ ತುಂಬಿದ ಟ್ಯಾಂಕಿನ ಖಾಲಿ ಜಾಗದಲ್ಲಿ ಮಳೆಗಾಲದ ತೇವದ ಗಾಳಿ ತಣ್ಣಗಾಗಿ ಹನಿಯುತ್ತದೆ, ನೀರು ತಳಕ್ಕಿಳಿದು ಪಾಚಿ ಬೆಳೆಯುತ್ತದೆ. ಮಳೆಗಾಲಕ್ಕೆ ಮೊದಲು ತಳದ ನೀರು ಬಸಿದು, ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಸೂಕ್ಷ್ಮಜೀವಿನಾಶಕ ಅಡಿಟಿವ್ ಅನ್ನು ಅಳತೆಯಂತೆ ಹಾಕಿ. ಪಾಚಿ ಈಗಾಗಲೇ ಬೆಳೆದಿದ್ದರೆ ಟ್ಯಾಂಕ್ ತೊಳೆಯದೆ ಔಷಧಿ ಹಾಕಬೇಡಿ, ಸತ್ತ ಪಾಚಿ ಫಿಲ್ಟರನ್ನು ಮುಚ್ಚಿಬಿಡುತ್ತದೆ. ಈ ದ್ರವ ಚರ್ಮಕ್ಕೆ, ಕಣ್ಣಿಗೆ ಹಾನಿಕರ. ಕೈಗವಸು ತೊಟ್ಟುಕೊಳ್ಳಿ.

ಹಂತ 9: ಎರಡು ಟ್ಯಾಂಕಿನಲ್ಲೂ ಬದಲಾವಣೆ ಕಾಣದಿದ್ದರೆ

ಬಾಟಲಿ ಹಾಕಿ ಎರಡು ಟ್ಯಾಂಕ್ ಓಡಿಸಿದರೂ ಅದುರುವಿಕೆ, ಹೊಗೆ ಹಾಗೆಯೇ ಇದ್ದರೆ ಮೂರನೆಯ ಬಾಟಲಿ ಕೊಳ್ಳಬೇಡಿ. ಸವೆದ ಲೋಹವನ್ನು ಯಾವ ರಾಸಾಯನಿಕವೂ ಮತ್ತೆ ತುಂಬಿಕೊಡುವುದಿಲ್ಲ. ಮೆಕ್ಯಾನಿಕ್ಕಿಗೆ ರಿಟರ್ನ್ ಟೆಸ್ಟ್ ಮಾಡಲು ಹೇಳಿ: ಪ್ರತಿ ಇಂಜೆಕ್ಟರಿನಿಂದ ಹಿಂದಿರುಗುವ ಡೀಸೆಲ್ ಅನ್ನು ಒಂದೇ ಅಳತೆಯ ನಾಲ್ಕು ಪಾರದರ್ಶಕ ಬಾಟಲಿಗಳಿಗೆ ಹಿಡಿದು, ಎಂಜಿನ್ನನ್ನು ಕೆಲವು ನಿಮಿಷ ಓಡಿಸುತ್ತಾರೆ. ಮೂರರಲ್ಲಿ ಮಟ್ಟ ಸಮನಾಗಿದ್ದು ಒಂದು ಬೇಗ ತುಂಬಿದರೆ ಆ ಇಂಜೆಕ್ಟರ್ ಒಳಗೆ ಸೋರುತ್ತಿದೆ ಎಂದರ್ಥ. ಅದನ್ನು ಕಳಚಿ ಡೀಸೆಲ್ ಲ್ಯಾಬ್‌ನ ಟೆಸ್ಟ್ ಬೆಂಚಿಗೆ ಕಳುಹಿಸಿ, ಮುದ್ರಿತ ವರದಿ ಕೇಳಿ ಪಡೆಯಿರಿ. ನಾಲ್ಕೂ ಹಾಳಾಗಿವೆ ಎಂಬ ಬಾಯಿಮಾತಿಗೆ ಒಪ್ಪಬೇಡಿ. ಮತ್ತೆ ಕೂರಿಸುವಾಗ ತಾಮ್ರದ ವಾಷರ್ ಹೊಸದಾಗಿರಬೇಕು, ಹೊಸ ಇಂಜೆಕ್ಟರ್ ಹಾಕಿದರೆ ಅದರ ತಲೆಯ ಮೇಲೆ ಕೆತ್ತಿರುವ ಕೋಡನ್ನು ಸ್ಕ್ಯಾನರ್ ಮೂಲಕ ಎಂಜಿನ್ ಕಂಪ್ಯೂಟರಿಗೆ ಬರೆಯಿಸಬೇಕು. ಕೋಡ್ ಬರೆಯಿಸದೆ ಗಾಡಿ ಹೊರಗೆ ತಂದರೆ ಹೊಸ ಇಂಜೆಕ್ಟರಿನಲ್ಲೂ ಅದೇ ಅದುರುವಿಕೆ, ಅದೇ ಹೊಗೆ ಮುಂದುವರಿಯಬಹುದು.